ಮಗುವನ್ನು ಸಂಗಾತಿಗೆ ಒಪ್ಪಿಸಿ ಊರು ಬಿಡುವ ಮುನ್ನ: ಮದುವೆಯಾಗದೆ ಜೊತೆಗಿರುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಕೋರ್ಟಿನ ಆಸುಪಾಸಿನ ಒಂದು ಟೈಪಿಂಗ್ ಅಂಗಡಿಯಲ್ಲಿ ನಾನು ಒಂದು ಕಾಗದಕ್ಕೆ ಇನ್ನೇನು ಸಹಿ ಹಾಕುವವಳಿದ್ದೆ. ಕೆಲಸದ ತರಬೇತಿಗೆಂದು 8 ತಿಂಗಳು ಬೆಂಗಳೂರಿಗೆ ಹೋಗಬೇಕಿತ್ತು. ಮಗಳಿಗೆ ಆಗ 4 ವರ್ಷ. ನಾನೂ ಅವಳ ಅಪ್ಪನೂ ಒಂದೇ ಮನೆಯಲ್ಲಿದ್ದೇವೆ, ಮದುವೆಯಾಗಿಲ್ಲ. ಯಾಕೆ ಆಗಿಲ್ಲ ಅನ್ನುವುದು ಬೇರೆ ಕಥೆ, ಇಲ್ಲಿ ಬೇಡ. "ಮಗುನ ನೋಡ್ಕೊಳ್ಳೋಕೆ ಒಂದು ಪತ್ರ ಬೇಕು" ಅಂದೆ. "ಬರ್ಕೊಡ್ತೀನಿ ಬಿಡಮ್ಮ, ಹತ್ತು ನಿಮಿಷ" ಅಂದರು. ಕಂಪ್ಯೂಟರಿನಲ್ಲಿ ಹಳೆಯ ಯಾವುದೋ ಫೈಲು ತೆರೆದು, ಹೆಸರು ಬದಲಾಯಿಸಿ, ಪ್ರಿಂಟ್ ತೆಗೆದು ಕೈಗಿಟ್ಟರು.

ಎರಡನೇ ಪುಟದಲ್ಲಿ ಹೀಗಿತ್ತು: "ಸದರಿ ಮಗುವಿನ ಮೇಲಿನ ನನ್ನ ಸಕಲ ಹಕ್ಕುಗಳನ್ನು ಈ ದಿನದಿಂದ ಬಿಟ್ಟುಕೊಟ್ಟಿರುತ್ತೇನೆ. ಮುಂದೆ ಯಾವುದೇ ತಂಟೆ ತಕರಾರು ಮಾಡುವುದಿಲ್ಲ."

ಅಣ್ಣ ತಮ್ಮಂದಿರು ಸೈಟಿನ ಹಕ್ಕು ಬಿಟ್ಟುಕೊಡುವಾಗ ಬರೆಯುವ ಮಾತದು. ಸೈಟಿನ ಜಾಗದಲ್ಲಿ ನನ್ನ ಮಗಳು ಬಂದು ಕೂತಿದ್ದಳು. ಸಹಿ ಹಾಕದೆ ಎದ್ದು ಬಂದೆ. ಆಮೇಲೆ ವಕೀಲರನ್ನು, ಶಾಲೆಯವರನ್ನು, ಆಸ್ಪತ್ರೆಯವರನ್ನು ಕೇಳಿ ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಲ್ಫಿಗೆ ಕೆಲಸಕ್ಕೆ ಹೋಗುವವರಿಗೆ, ದೊಡ್ಡ ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಬೇಕಾದವರಿಗೆ, ಬೇರೆ ಜಿಲ್ಲೆಗೆ ಡೆಪ್ಯುಟೇಶನ್ ಬಿದ್ದವರಿಗೆ, ಎಲ್ಲರಿಗೂ ಬಹುಪಾಲು ಇದೇ ದಾರಿ.

ಮೊದಲು ಗೊತ್ತಿರಬೇಕಾದ್ದು: ಹಕ್ಕು ಯಾರದು?

ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವದ ಕಾಯ್ದೆ 1956ರದು. ಅದರ 6ನೇ ಕಲಂ ಪ್ರಕಾರ, ತಂದೆತಾಯಿ ಮದುವೆಯಾಗದೆ ಹುಟ್ಟಿದ ಮಗುವಿಗೆ ಸಹಜ ಪೋಷಕಳು (ಕೋರ್ಟು ನೇಮಿಸದೆಯೇ ಕಾನೂನು ಒಪ್ಪುವ ಗಾರ್ಡಿಯನ್) ತಾಯಿ. ಅವಳ ನಂತರ ತಂದೆ. ಮದುವೆಯಾದವರ ಮಕ್ಕಳಿಗೆ ಇದೇ ಕಲಂ ತಂದೆಯನ್ನು ಮೊದಲು ಹೇಳುತ್ತದೆ. ನಮ್ಮಲ್ಲಿ ಕ್ರಮ ತಿರುವುಮುರುವು. ಜನನ ಪ್ರಮಾಣ ಪತ್ರದಲ್ಲಿ ತಂದೆಯ ಹೆಸರಿದ್ದ ಮಾತ್ರಕ್ಕೆ ಈ ಕ್ರಮ ಬದಲಾಗುವುದಿಲ್ಲ. ಹೆಸರಿದ್ದರೆ ಅವರು ತಂದೆ ಅನ್ನುವುದಕ್ಕೆ ಒಂದು ಸಾಕ್ಷಿ ಸಿಗುತ್ತದೆ, ಅಷ್ಟೇ. ಆದರೆ ಆ ಸಾಕ್ಷಿ ಮುಂದೆ ಬಹಳ ಕಡೆ ಕೆಲಸಕ್ಕೆ ಬರುತ್ತದೆ.

"ನಂತರ" ಅಂದರೆ ಏನು ಅನ್ನುವ ಪ್ರಶ್ನೆ 1999ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಗೀತಾ ಹರಿಹರನ್ ಪ್ರಕರಣ. ಅಲ್ಲಿ ಕೋರ್ಟು, ತಂದೆಯ "ನಂತರ" ತಾಯಿ ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರ ಅಲ್ಲ, ತಂದೆಯ ಗೈರುಹಾಜರಿಯಲ್ಲಿ ಅಂತಲೂ ಆಗುತ್ತದೆ ಎಂದಿತು. ಅದು ಮದುವೆಯಾದವರ ಮಾತು. ನಮ್ಮ ಉಪಕಲಮಿನಲ್ಲೂ ಅದೇ ಪದ ಇದೆ, ವಕೀಲರು ವಾದ ಮಾಡಬಹುದು. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ಕೂತವರ ಎದುರು ಸುಪ್ರೀಂ ಕೋರ್ಟ್ ತೀರ್ಪು ಓದಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಕಾಗದ ಬೇಕು.

ಹಿಂದೂಗಳಲ್ಲದವರಿಗೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಜೊತೆಗೆ ಅವರವರ ವೈಯಕ್ತಿಕ ಕಾನೂನು. 2015ರಲ್ಲಿ ಒಬ್ಬ ಅವಿವಾಹಿತ ಕ್ರೈಸ್ತ ತಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಂದೆಗೆ ನೋಟಿಸ್ ಕೊಡದೆಯೇ ತಾಯಿಯನ್ನು ಪೋಷಕಳಾಗಿ ನೇಮಿಸಬಹುದು ಎಂದಿತು. ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಮಗುವಿಗೆ ಜನನ ಪ್ರಮಾಣ ಪತ್ರ ಕೊಡಬೇಕು ಎಂದೂ ಅದೇ ತೀರ್ಪಿನಲ್ಲಿದೆ.

ನೀವು ಯಾವ ಗುಂಪು ನೋಡಿಕೊಳ್ಳಿ

ಸಂಗಾತಿಯೇ ಮಗುವಿನ ತಂದೆ, ಹೊರಡುತ್ತಿರುವವರು ತಾಯಿ: ಇದು ಎಲ್ಲಕ್ಕಿಂತ ಸುಲಭದ ಸ್ಥಿತಿ. ಮುಂದೆ ಹೇಳುವ ಪತ್ರ ಸಾಕು.

ಹೊರಡುತ್ತಿರುವವರು ತಂದೆ, ಮಗು ತಾಯಿಯ ಬಳಿಯೇ ಉಳಿಯುತ್ತದೆ: ಪೋಷಕತ್ವದ ಪತ್ರ ಬೇಕಿಲ್ಲ, ಅವಳು ಮೊದಲೇ ಪೋಷಕಳು. ನೀವು ಯೋಚಿಸಬೇಕಾದ್ದು ದುಡ್ಡಿನ ಬಗ್ಗೆ. ಮದುವೆಯಾಗದೆ ಹುಟ್ಟಿದ ಮಗುವಿಗೂ ಜೀವನಾಂಶ ಕೊಡುವ ಹೊಣೆ ತಂದೆಯದು. ಹಳೆಯ ಸಿಆರ್‌ಪಿಸಿಯ 125ನೇ ಕಲಮಿನಲ್ಲಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ.

ಮಗು ಹಿಂದಿನ ಮದುವೆಯದು, ಈಗಿನ ಸಂಗಾತಿ ತಂದೆಯಲ್ಲ: ಇಲ್ಲಿ ಸ್ವಲ್ಪ ನಿಲ್ಲಿ. ಮಾಜಿ ಗಂಡ ಬದುಕಿದ್ದರೆ ಕಾನೂನಿನ ಕಣ್ಣಲ್ಲಿ ಅವರೂ ಪೋಷಕರೇ. ವಿಚ್ಛೇದನದ ತೀರ್ಪಿನಲ್ಲಿ ಕಸ್ಟಡಿ ನಿಮಗೆ ಬಂದಿದ್ದರೆ ಆ ಆದೇಶವನ್ನು ಹೊರತೆಗೆದು ಪೂರ್ತಿ ಓದಿ. ಮಗು ಎಲ್ಲಿರಬೇಕು, ಊರು ಬಿಡುವಾಗ ಯಾರಿಗೆ ತಿಳಿಸಬೇಕು, ಭೇಟಿಯ ದಿನ ಯಾವುದು ಎಂಬ ಷರತ್ತುಗಳು ಇರಬಹುದು. ಹೇಳದೆ ಕೇಳದೆ ಮಗುವನ್ನು ಸಂಗಾತಿಯ ಬಳಿ ಬಿಟ್ಟು ಹೋದರೆ, "ತಾಯಿ ಮಗುವನ್ನು ಪರಕೀಯನ ಹತ್ತಿರ ಬಿಟ್ಟಿದ್ದಾಳೆ" ಅಂತ ಕಸ್ಟಡಿ ಬದಲಿಸಲು ಅರ್ಜಿ ಬೀಳುವುದಕ್ಕೆ ದಾರಿ ಮಾಡಿಕೊಟ್ಟಂತೆ. ಈ ಗುಂಪಿನವರು ವಕೀಲರನ್ನು ಕಾಣದೆ ಮುಂದಿನ ಹೆಜ್ಜೆ ಇಡಬೇಡಿ. ಮಾಜಿ ಗಂಡನಿಂದ ಲಿಖಿತ ಒಪ್ಪಿಗೆ ಸಿಗುವಂತಿದ್ದರೆ ಬಹಳ ಒಳ್ಳೆಯದು. ಸಿಗದಿದ್ದರೆ ಕೋರ್ಟಿನ ಅನುಮತಿ ಕೇಳುವುದೇ ನೇರ ದಾರಿ.

ಕಾಗದಕ್ಕೂ ಮೊದಲು ಒಂದು ಸಂಜೆ ಕೂತು ಮಾತಾಡಿ

ನಾವು ಮಾತಾಡಿದ್ದು ಒಂದು ಭಾನುವಾರ, ಕುಂದವಾಡ ಕೆರೆಯ ಏರಿ ಮೇಲೆ. ಮನೆಯಲ್ಲಿ ಮಾತಾಡಿದರೆ ಮಗಳು ಕೇಳಿಸಿಕೊಳ್ಳುತ್ತಾಳೆ ಅಂತ. ಕೈಯಲ್ಲಿ ಮಂಡಕ್ಕಿ ಮಿರ್ಚಿ, ತೊಡೆ ಮೇಲೆ ಒಂದು ನೋಟ್‌ಬುಕ್ಕು. ಸಂಗಾತಿಗೆ ಬರೆಯುವುದೆಂದರೆ ಇರಿಸುಮುರಿಸು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. ಎಲ್ಲರ ಮನೆಯಲ್ಲೂ ಈ ಮಾತು ಬರುತ್ತದೆ. ನಾನು ಹೇಳಿದ್ದು ಇಷ್ಟೇ: "ನಂಬಿಕೆ ಇರೋದಕ್ಕೇ ಒಪ್ಪಿಸ್ತಾ ಇರೋದು. ಕಾಗದ ನಿಮ್ಮನ್ನ ಕೇಳೋ ಉಳಿದವರಿಗೆ."

ದೊಡ್ಡ ವಿಷಯಗಳಲ್ಲಿ ನಮಗೆ ಜಗಳ ಬರಲಿಲ್ಲ. ಬಂದದ್ದು ಸಣ್ಣವುಗಳಲ್ಲಿ. ಅವರ ತಾಯಿ ಮಗಳನ್ನು ಹಳ್ಳಿಗೆ ಕರೆದುಕೊಂಡು ಹೋಗಿ ಎಷ್ಟು ದಿನ ಇಟ್ಟುಕೊಳ್ಳಬಹುದು? ಮಗಳನ್ನು ಬೈಕಿನಲ್ಲಿ ಮುಂದೆ ಕೂರಿಸಿಕೊಂಡು ಹೈವೇಗೆ ಹೋಗಬಹುದಾ? ಅವರಿಗೆ ರಾತ್ರಿ ಪಾಳಿ ಬಿದ್ದರೆ ಮಗು ಯಾರ ಹತ್ತಿರ ಮಲಗಬೇಕು? ಈ ಮೂರನೆಯದನ್ನು ನಾವಿಬ್ಬರೂ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ರಾತ್ರಿ ಪಾಳಿ, ಹಬ್ಬ, ಜ್ವರ, ಶಾಲೆಯ ರಜೆ: ಈ ನಾಲ್ಕನ್ನು ಇಟ್ಟುಕೊಂಡು ಒಂದು ವಾರವನ್ನು ಗಂಟೆ ಗಂಟೆಗೆ ಮನಸ್ಸಿನಲ್ಲೇ ನಡೆಸಿ ನೋಡಿ. ಎಲ್ಲಿ ತೂತಿದೆ ಅಂತ ಅಲ್ಲೇ ಕಾಣುತ್ತದೆ.

ಪತ್ರ ಬರೆಯುವುದು

ಇದೇ ಇಡೀ ಕೆಲಸದ ಬೆನ್ನೆಲುಬು. ಇದಕ್ಕೆ "ಅಧಿಕಾರ ಪತ್ರ" ಅನ್ನಿ, "ಒಪ್ಪಿಗೆ ಪತ್ರ" ಅನ್ನಿ. "ದತ್ತು", "ಹಕ್ಕು ಬಿಡುಗಡೆ", "ಶಾಶ್ವತವಾಗಿ" ಎಂಬ ಪದಗಳು ಎಲ್ಲೂ ಬರಬಾರದು. ದತ್ತು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಒಮ್ಮೆ ಕ್ರಮಬದ್ಧವಾಗಿ ದತ್ತು ಆಯಿತೆಂದರೆ ಅದನ್ನು ರದ್ದು ಮಾಡಲು ಬರುವುದಿಲ್ಲ. "ಸುಮ್ನೆ ಹೆಸರಿಗೆ ದತ್ತು ಅಂತ ಬರೆಸಿ, ಶಾಲೇಲಿ ಅನುಕೂಲ ಆಗುತ್ತೆ" ಅಂತ ಯಾರಾದರೂ ಸಲಹೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ನಾನು ಕೊನೆಗೆ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. ಬಿಟ್ಟ ಜಾಗ ತುಂಬಿಸಿಕೊಳ್ಳಿ:

"ನಾನು ______, ______ರ ಮಗಳು, ವಯಸ್ಸು __, ವಾಸ ______, ದಾವಣಗೆರೆ. ನಾನು ದಿನಾಂಕ ______ರಂದು ಜನಿಸಿದ ______ ಎಂಬ ಮಗುವಿನ ತಾಯಿ ಮತ್ತು ಸಹಜ ಪೋಷಕಳು. ಕೆಲಸದ ನಿಮಿತ್ತ ನಾನು ದಿನಾಂಕ ______ರಿಂದ ______ರವರೆಗೆ ______ನಲ್ಲಿ ಇರುತ್ತೇನೆ. ಈ ಅವಧಿಯಲ್ಲಿ ಮಗುವಿನ ದಿನನಿತ್ಯದ ಪಾಲನೆಯನ್ನು ಮಗುವಿನ ತಂದೆಯಾದ / ನನ್ನೊಂದಿಗೆ ವಾಸಿಸುತ್ತಿರುವ ಶ್ರೀ ______ ಅವರಿಗೆ ಒಪ್ಪಿಸಿದ್ದೇನೆ.

ಅವರು ಮಗುವನ್ನು ಶಾಲೆಗೆ ಬಿಡಬಹುದು, ಕರೆತರಬಹುದು, ಪೋಷಕರ ಸಭೆಗೆ ಹಾಜರಾಗಬಹುದು. ವೈದ್ಯರಿಗೆ ತೋರಿಸಬಹುದು, ಲಸಿಕೆ ಹಾಕಿಸಬಹುದು, ಮಗುವನ್ನು ಆಸ್ಪತ್ರೆಗೆ ದಾಖಲಿಸಬಹುದು. ನನ್ನನ್ನು ಸಂಪರ್ಕಿಸಲು ಸಮಯವಿಲ್ಲದ ತುರ್ತಿನಲ್ಲಿ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ ಕೊಡಬಹುದು.

ಅವರು ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿನ ಶಾಲೆ ಬದಲಿಸುವಂತಿಲ್ಲ, ವರ್ಗಾವಣೆ ಪತ್ರ ಪಡೆಯುವಂತಿಲ್ಲ, ಮಗುವನ್ನು ರಾಜ್ಯದ ಹೊರಗೆ ಕರೆದೊಯ್ಯುವಂತಿಲ್ಲ, ಮಗುವಿನ ಪಾಲನೆಯನ್ನು ಬೇರೆಯವರಿಗೆ ವಹಿಸುವಂತಿಲ್ಲ.

ಅವರು ಲಭ್ಯವಿಲ್ಲದಿದ್ದರೆ ______ (ಸಂಬಂಧ ______, ಫೋನ್ ______) ಅವರನ್ನು ಸಂಪರ್ಕಿಸುವುದು. ಈ ಪತ್ರದಿಂದ ಮಗುವಿನ ಮೇಲಿನ ನನ್ನ ಪೋಷಕತ್ವದ ಯಾವ ಹಕ್ಕೂ ಹೋಗುವುದಿಲ್ಲ. ಇದನ್ನು ನಾನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಮೇಲಿನ ಕೊನೆಯ ದಿನಾಂಕಕ್ಕೆ ಇದು ತಾನಾಗಿಯೇ ಮುಗಿಯುತ್ತದೆ."

ಕೆಳಗೆ ನಿಮ್ಮ ಸಹಿ, "ಒಪ್ಪಿದ್ದೇನೆ" ಎಂದು ಸಂಗಾತಿಯ ಸಹಿ, ಇಬ್ಬರು ಸಾಕ್ಷಿಗಳು. ನಿಮ್ಮ, ಸಂಗಾತಿಯ, ಮಗುವಿನ ಆಧಾರ್ ಪ್ರತಿ ಮತ್ತು ಮಗುವಿನ ಜನನ ಪ್ರಮಾಣ ಪತ್ರದ ಪ್ರತಿ ಪಿನ್ ಮಾಡಿ. ಸಂಗಾತಿಯ ಪಾಸ್‌ಪೋರ್ಟ್ ಅಳತೆಯ ಫೋಟೊ ಅಂಟಿಸಿ. ಫೋಟೊ ಬೇಕೆಂದು ಯಾರೂ ಹೇಳಿರಲಿಲ್ಲ, ನಾನೇ ಅಂಟಿಸಿದೆ. ಶಾಲೆಯ ಗೇಟಿನಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಇ-ಸ್ಟಾಂಪ್ ಕಾಗದದ ಮೇಲೆ ಪ್ರಿಂಟ್ ತೆಗೆಸಿ ನೋಟರಿಯ ಎದುರು ಸಹಿ ಹಾಕಿ. ನೋಟರಿ ಮಾಡಿಸಿದರೆ ಸಹಿ ನಿಮ್ಮದೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಆಗುತ್ತದೆ. ಆದರೆ ನೋಟರಿ ಮುದ್ರೆ ಬಿದ್ದ ಕೂಡಲೇ ಸಂಗಾತಿ ಕಾನೂನುಬದ್ಧ ಪೋಷಕರಾಗುವುದಿಲ್ಲ. ಪೋಷಕರನ್ನು ನೇಮಿಸುವ ಅಧಿಕಾರ ಕೋರ್ಟಿನದು. ಮೂರು ಮೂಲ ಪ್ರತಿ ಮಾಡಿಸಿ: ಒಂದು ಸಂಗಾತಿಗೆ, ಒಂದು ನಿಮಗೆ, ಒಂದು, ಸಂಗಾತಿ ಸಿಗದಿದ್ದರೆ ಸಂಪರ್ಕಿಸಿ ಎಂದು ಪತ್ರದಲ್ಲಿ ಹೆಸರಿಸಿದ ಎರಡನೇ ವ್ಯಕ್ತಿಗೆ.

ಒಪ್ಪಿಸಿದ ಮಗುವನ್ನು ವಾಪಸ್ ಕೇಳುವ ಹಕ್ಕಿನ ಬಗ್ಗೆ ಒಂದು ಹಳೆಯ ಮೊಕದ್ದಮೆ ಇದೆ. 1910ರಲ್ಲಿ ಮದರಾಸಿನ ನಾರಾಯಣಯ್ಯ ತಮ್ಮ ಇಬ್ಬರು ಗಂಡುಮಕ್ಕಳನ್ನು ಆನಿ ಬೆಸೆಂಟರಿಗೆ ಪತ್ರ ಬರೆದು ಒಪ್ಪಿಸಿದ್ದರು. ಅವರಲ್ಲೊಬ್ಬರು ಮುಂದೆ ಜಗತ್ತಿಗೇ ಗೊತ್ತಾದ ಜಿಡ್ಡು ಕೃಷ್ಣಮೂರ್ತಿ. ಆಮೇಲೆ ತಂದೆ ಮನಸ್ಸು ಬದಲಿಸಿ ಮಕ್ಕಳನ್ನು ವಾಪಸ್ ಕೇಳಿದರು. ವ್ಯಾಜ್ಯ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಬೇರೆ ಕಾರಣಗಳಿಂದ ತಂದೆಗೆ ಗೆಲುವು ಸಿಗಲಿಲ್ಲ. ಆದರೆ 1914ರ ಆ ತೀರ್ಪಿನಲ್ಲಿ ಒಂದು ಮಾತು ಉಳಿಯಿತು: ಹೀಗೆ ಒಪ್ಪಿಸಿದ್ದನ್ನು ಪೋಷಕರು ಹಿಂಪಡೆಯಬಹುದು. ಅದರ ಜೊತೆಗೇ ಇನ್ನೊಂದು ಮಾತೂ ಇದೆ. ಅಷ್ಟರಲ್ಲಿ ಮಗು ಹೊಸ ಬದುಕಿಗೆ ಹೊಂದಿಕೊಂಡಿದ್ದು, ಅಲ್ಲಿಂದ ಕೀಳುವುದು ಅದರ ಹಿತಕ್ಕೆ ಕೆಟ್ಟದ್ದು ಅನ್ನಿಸಿದರೆ ಕೋರ್ಟು ತಡೆಯಲೂಬಹುದು. ಪತ್ರದಲ್ಲಿ ಕೊನೆಯ ದಿನಾಂಕ ಬರೆಯಿರಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. 8 ತಿಂಗಳು ಎಂದು ಹೋಗಿ 4 ವರ್ಷ ಆಯಿತೆಂದರೆ ಕಾಗದ ನಿಮ್ಮ ಪರ ಇದ್ದರೂ ಕಾಲ ನಿಮ್ಮ ಪರ ಇರುವುದಿಲ್ಲ. ಅವಧಿ ಹೆಚ್ಚಾದರೆ ಹೊಸ ಪತ್ರ ಮಾಡಿಸಿ, ನಡುನಡುವೆ ಬಂದು ಹೋಗಿ.

ಆಸ್ಪತ್ರೆ

ಅತಿ ಹೆಚ್ಚು ತಯಾರಿ ಬೇಕಾದದ್ದು ಇಲ್ಲೇ. ನಾನು ಹೋಗಿ ಎರಡನೇ ತಿಂಗಳಿಗೆ ಮಗಳು ಮೆಟ್ಟಿಲಿಂದ ಬಿದ್ದು ಗಲ್ಲ ಸೀಳಿಕೊಂಡಳು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಎತ್ತಿಕೊಂಡು ಓಡಿದರೆ, "ತಾಯಿ ಎಲ್ಲಿ? ನೀವು ಗಂಡ ಹೆಂಡತಿ ಅಲ್ವಾ? ಹಾಗಾದ್ರೆ ಸಹಿ ಯಾರು ಮಾಡ್ತಾರೆ?" ಅಂತ ಕಾಲು ಗಂಟೆ ನಿಲ್ಲಿಸಿದರು. ಪತ್ರ ಮನೆಯ ಬೀರುವಿನಲ್ಲಿತ್ತು. ಕೊನೆಗೆ ನಾನು ವಿಡಿಯೋ ಕಾಲಿನಲ್ಲಿ ಮುಖ ತೋರಿಸಿ ಹೂಂ ಅಂದ ಮೇಲೆ ಹೊಲಿಗೆ ಬಿತ್ತು. ಅವತ್ತಿನಿಂದ ಪತ್ರದ ಒಂದು ಜೆರಾಕ್ಸ್ ಅವರ ಬೈಕಿನ ಡಿಕ್ಕಿಯಲ್ಲೇ ಇರುತ್ತಿತ್ತು, ಸ್ಕ್ಯಾನ್ ಪ್ರತಿ ಇಬ್ಬರ ಫೋನಿನಲ್ಲೂ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದುದ್ದೇಶದಿಂದ ಮಾಡುವ ಕೆಲಸಕ್ಕೆ ಪೋಷಕರು "ಅಥವಾ ಮಗುವಿನ ಕಾನೂನುಬದ್ಧ ಹೊಣೆ ಹೊತ್ತವರು" ಒಪ್ಪಿಗೆ ಕೊಡಬಹುದು ಎನ್ನುತ್ತದೆ. ಹಳೆಯ ಐಪಿಸಿಯ 89ನೇ ಕಲಮೇ ಇದು. ನಿಮ್ಮ ಪತ್ರ ಸಂಗಾತಿಯನ್ನು ಆ "ಹೊಣೆ ಹೊತ್ತವರ" ಜಾಗದಲ್ಲಿ ನಿಲ್ಲಿಸುತ್ತದೆ. ಒಪ್ಪಿಗೆ ಪಡೆಯಲು ಸಮಯವೇ ಇಲ್ಲದ ತುರ್ತಿಗೆ 30ನೇ ಕಲಂ ಇದೆ. ಆಗ ಯಾರ ಸಹಿಯೂ ಇಲ್ಲದೆ ಚಿಕಿತ್ಸೆ ಕೊಟ್ಟರೂ ವೈದ್ಯರಿಗೆ ರಕ್ಷಣೆ ಉಂಟು. ಇದನ್ನು ಸಂಗಾತಿಗೆ ಬಾಯಿಪಾಠ ಮಾಡಿಸುವುದು ಬೇಡ, ಪತ್ರದ ಹಿಂದೆ ಪೆನ್ಸಿಲಿನಲ್ಲಿ ಕಲಮಿನ ನಂಬರ್ ಬರೆದಿಡಿ.

ಹೊರಡುವ ಮುನ್ನ ಸಂಗಾತಿಯನ್ನು ಕರೆದುಕೊಂಡು ಮಗುವಿನ ಡಾಕ್ಟರ ಹತ್ತಿರ ಒಮ್ಮೆ ಹೋಗಿ. ಕಾಯಿಲೆ ಇಲ್ಲದಿದ್ದರೂ ಹೋಗಿ. "ಇನ್ಮೇಲೆ ಇವರೇ ಕರ್ಕೊಂಡು ಬರ್ತಾರೆ ಸಾರ್" ಎಂಬ ಒಂದು ಮಾತು ನೋಟರಿ ಮುದ್ರೆಗಿಂತ ಕಡಿಮೆಯದ್ದಲ್ಲ. ಹಾಗೇ ರಾತ್ರಿ ಹೊತ್ತು ಎಲ್ಲಿಗೆ ಹೋಗಬೇಕೆಂದು ಈಗಲೇ ನಿರ್ಧರಿಸಿ. ನಮ್ಮೂರಿನಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ. ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ತಾಯಿ ಕಾರ್ಡು, ಲಸಿಕೆಯ ದಾಖಲೆ, ರಕ್ತದ ಗುಂಪು, ಯಾವ ಔಷಧಿ ಆಗುವುದಿಲ್ಲ ಎಂಬುದು, ಜ್ವರದ ಸಿರಪ್ಪು ತೂಕಕ್ಕೆ ಎಷ್ಟು ಎಂದು ಡಾಕ್ಟರ್ ಬರೆದ ಚೀಟಿ ಇಡಿ. ಸರ್ಕಾರಿ ಪಟ್ಟಿಯಲ್ಲಿ 5ರಿಂದ 6 ವರ್ಷದ ನಡುವೆ ಡಿಪಿಟಿ ಬೂಸ್ಟರ್ ಇದೆ. ನೀವು ಇಲ್ಲದ ತಿಂಗಳಲ್ಲಿ ಅದು ಬೀಳುತ್ತದಾ ನೋಡಿಕೊಳ್ಳಿ. 5 ತುಂಬಿದ ಮಗುವಿಗೆ ಆಧಾರ್ ಬಯೋಮೆಟ್ರಿಕ್ ಕೊಡಿಸುವುದೂ ಇದೆ. ಸಾಧ್ಯವಾದರೆ ಅದನ್ನು ನೀವು ಊರಿನಲ್ಲಿದ್ದಾಗಲೇ ಮುಗಿಸಿ.

ಶಾಲೆ

ಇದು ಆಸ್ಪತ್ರೆಯಷ್ಟು ಕಷ್ಟವಲ್ಲ. ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ ಕೊಟ್ಟು, ಅಧಿಕಾರ ಪತ್ರದ ಪ್ರತಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಮೂರು ಮಾತು ಸಾಕು: ಯಾರು ಕರೆದುಕೊಂಡು ಹೋಗಬಹುದು, ಯಾರು ಹೋಗಬಾರದು, ಟೀಸಿಯನ್ನು ನನಗಲ್ಲದೆ ಯಾರಿಗೂ ಕೊಡಬಾರದು. ಶಾಲೆಯ ವಾಟ್ಸಾಪ್ ಗುಂಪಿಗೆ ಸಂಗಾತಿಯ ನಂಬರ್ ಸೇರಿಸಿ, ನಿಮ್ಮದನ್ನು ತೆಗೆಸಬೇಡಿ.

ಮುಜುಗರದ ಪ್ರಶ್ನೆ ಬರುತ್ತದೆ. "ನಿಮ್ಮ ಯಜಮಾನ್ರಾ?" ಅಂತ ನನ್ನನ್ನು ಕೇಳಿದರು. "ಮಗುವಿನ ತಂದೆ" ಅಂದೆ. ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಅದನ್ನೇ ಅಂದೆ. ಸಂಗಾತಿ ತಂದೆಯಲ್ಲದಿದ್ದರೆ "ನಾನು ಲಿಖಿತವಾಗಿ ಅಧಿಕಾರ ಕೊಟ್ಟವರು" ಅನ್ನಿ. ಮದುವೆಯ ವಿಷಯ ವಿವರಿಸುವ ಅಗತ್ಯ ನಿಮಗಿಲ್ಲ. ಸುಳ್ಳು ಹೇಳುವುದೂ ಬೇಡ. ಒಂದು ಕಡೆ ಗಂಡ ಅಂತ ಬರೆದು ಇನ್ನೊಂದು ಕಡೆ ಅಲ್ಲ ಅಂತ ಬರೆದರೆ, ಮುಂದೆ ಕೋರ್ಟಿನಲ್ಲಿ ಆ ಎರಡು ಕಾಗದ ಒಟ್ಟಿಗೆ ಎದುರಿಗೆ ಬರುತ್ತವೆ.

ದುಡ್ಡು, ರೇಷನ್ನು

ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿ, ಬ್ಯಾಂಕಿನ ಮೂಲಕವೇ ಕಳಿಸಿ. ಲೆಕ್ಕ ಕೇಳಲಿಕ್ಕಲ್ಲ, ದೂರದಲ್ಲಿದ್ದರೂ ಮಗುವಿನ ಖರ್ಚು ನೋಡಿಕೊಂಡಿದ್ದೆ ಎಂಬುದಕ್ಕೆ ಅದು ನಿಮ್ಮ ದಾಖಲೆ. ಎಟಿಎಂ ಕಾರ್ಡು ಪಿನ್ನು ಕೊಟ್ಟು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಲೇಬೇಕು. ಹೊರಡುವ ಮುನ್ನ ಕಟ್ಟಿಬಿಡಿ.

ರೇಷನ್ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಬೇಕಾದವರು ಕಾರ್ಡಿನಲ್ಲಿ ಹೆಸರಿರುವವರು. ಕಾರ್ಡಿನಲ್ಲಿ ನೀವು ಮತ್ತು ಮಗು ಮಾತ್ರ ಇದ್ದರೆ, ನಿಮ್ಮ ಸಂಗಾತಿ ಚೀಲ ಹಿಡಿದು ಹೋಗಿ ಬರಿಗೈಯಲ್ಲಿ ಬರುತ್ತಾರೆ. ನಮ್ಮ ಕಾರ್ಡಿನಲ್ಲಿ ಅವ್ವನ ಹೆಸರಿತ್ತು, ಬಚಾವಾದೆವು.

ಎರಡನೇ ವ್ಯಕ್ತಿ

ಸಂಗಾತಿ ಎಷ್ಟೇ ಒಳ್ಳೆಯವರಾಗಿರಲಿ, ಮಗುವಿನ ಸುತ್ತ ಇನ್ನೊಬ್ಬ ದೊಡ್ಡವರು ಇರಲೇಬೇಕು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ, ಯಾರಾದರೂ. ವಾರಕ್ಕೆ ಎರಡು ಸಲ ಕಣ್ಣಾರೆ ಮಗುವನ್ನು ನೋಡುವವರು. ಇದು ಸಂಗಾತಿಗೂ ಬೇಕು. ಒಬ್ಬರೇ ಮಗು ನೋಡಿಕೊಳ್ಳುವುದು ಎಷ್ಟು ಸುಸ್ತು ಅಂತ ಒಂಟಿಯಾಗಿ ನೋಡಿಕೊಂಡವರಿಗೇ ಗೊತ್ತು. ಸಂಗಾತಿ ಮಗುವಿನ ತಂದೆಯಲ್ಲದಿದ್ದರೆ ಇದು ಇನ್ನೂ ಮುಖ್ಯ. ಯಾವ ಮುಟ್ಟುವಿಕೆ ಸರಿ, ಯಾವುದು ಸರಿಯಲ್ಲ, ಯಾರು ಹೆದರಿಸಿದರೂ ಯಾರಿಗೆ ಬಂದು ಹೇಳಬೇಕು ಎಂದು ಮಗುವಿಗೆ ಹೇಳಿಕೊಡಿ. ಸಂಗಾತಿಯ ಎದುರಿಗೇ ಹೇಳಿಕೊಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಓದಲು ಬರುವ ಮಗುವಿಗೆ ಬಾಯಿಪಾಠ ಮಾಡಿಸಿ.

ಇನ್ನೊಂದು ಸಮಸ್ಯೆ ಬರುವುದು ನಮ್ಮ ನೆಂಟರಿಂದಲೇ. ಮದುವೆಯಾಗದ ಜೋಡಿ, ತಾಯಿ ಊರಲ್ಲಿಲ್ಲ ಅಂದ ಕೂಡಲೇ ಯಾರೋ ಮಾವ, ಯಾರೋ ಅತ್ತೆ "ಮಗುನ ನಾವು ಕರ್ಕೊಂಡು ಹೋಗ್ತೀವಿ" ಅಂತ ಬಂದು ನಿಲ್ಲಬಹುದು. ಆಗ ಸಂಗಾತಿ ಜಗಳಕ್ಕೆ ಇಳಿಯುವುದು ಬೇಡ. ಪತ್ರ ತೋರಿಸಿ, ನಿಮಗೆ ಫೋನು ಹಚ್ಚಿ, ಸ್ಪೀಕರಿನಲ್ಲಿ ನಿಮ್ಮ ಮಾತು ಕೇಳಿಸಲಿ. ಬಲವಂತ ಮಾಡಿದರೆ 112ಕ್ಕೆ ಕರೆ.

ಉಯಿಲು

ಬರೆಯಲು ಯಾರಿಗೂ ಇಷ್ಟವಿಲ್ಲದ ಕಾಗದ. ಆದರೆ ಅಧಿಕಾರ ಪತ್ರ ನೀವು ಬದುಕಿರುವವರೆಗೆ ಮಾತ್ರ. ದಾರಿಯಲ್ಲಿ ಏನಾದರೂ ಆದರೆ? ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 9ನೇ ಕಲಂ, ಮದುವೆಯಾಗದ ತಾಯಿ ತನ್ನ ಮಗುವಿಗೆ ಉಯಿಲಿನ ಮೂಲಕ ಪೋಷಕರನ್ನು ನೇಮಿಸಬಹುದು ಎನ್ನುತ್ತದೆ. ಉಯಿಲಿಗೆ ಸ್ಟಾಂಪ್ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರೂ ಹಾಕಿದರೆ ಸಾಕು. ನೋಂದಣಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಸಂಗಾತಿ ತಂದೆಯಲ್ಲದವರು ಇದನ್ನು ಬಿಡಲೇಬಾರದು; ಮಗು ಹಿಂದಿನ ಮದುವೆಯದಾಗಿ ಮಾಜಿ ಗಂಡ ಬದುಕಿದ್ದರೆ ಮಾತ್ರ ವಕೀಲರನ್ನು ಕೇಳಿಯೇ ಬರೆಯಿರಿ. ಇಲ್ಲದಿದ್ದರೆ ನಿಮ್ಮ ನಂತರ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ವಿದೇಶಕ್ಕೆ ಹೋಗುವವರಿಗೆ

ಪತ್ರವನ್ನು ಇಲ್ಲಿಯೇ ಮುಗಿಸಿಕೊಂಡು ವಿಮಾನ ಹತ್ತಿ. ಅಲ್ಲಿ ಹೋದ ಮೇಲೆ ಹೊಸದು ಬೇಕಾದರೆ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು. ಹೊರದೇಶದಲ್ಲಿ ಸಹಿಯಾದ ಅಧಿಕಾರ ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಮಗುವನ್ನು ಆಮೇಲೆ ಕರೆಸಿಕೊಳ್ಳುವ ಯೋಚನೆ ಇದ್ದರೆ ಅದರ ಪಾಸ್‌ಪೋರ್ಟನ್ನು ನೀವು ಇಲ್ಲಿರುವಾಗಲೇ ಮಾಡಿಸಿ.

ಕೋರ್ಟಿಗೆ ಯಾವಾಗ ಹೋಗಬೇಕು?

ಬಹಳಷ್ಟು ಜನರಿಗೆ ಬೇಕಾಗುವುದಿಲ್ಲ. ವರ್ಷಗಟ್ಟಲೆ ಹೋಗುವವರಿಗೆ, ಮಗುವಿನ ಹೆಸರಿನಲ್ಲಿ ಆಸ್ತಿ ಇರುವವರಿಗೆ, ಯಾರಾದರೂ ತಕರಾರು ತೆಗೆದವರಿಗೆ ಬೇಕು. ಅರ್ಜಿ ಹಾಕುವುದು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿನಲ್ಲಿ, ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ. ಒಂದು ಅಡ್ಡಿ ಇದೆ. ಈ ಕಾಯ್ದೆಯ 19ನೇ ಕಲಂ ಪ್ರಕಾರ, ತಂದೆಯೋ ತಾಯಿಯೋ ಬದುಕಿದ್ದು ಅಯೋಗ್ಯರಲ್ಲದಿದ್ದರೆ ಕೋರ್ಟು ಮೂರನೆಯವರನ್ನು ಮಗುವಿನ ಪೋಷಕರನ್ನಾಗಿ ನೇಮಿಸುವುದಿಲ್ಲ. ಹಾಗಾಗಿ ತಂದೆಯಲ್ಲದ ಸಂಗಾತಿಗೆ "ಕೋರ್ಟಿಂದಲೇ ಗಾರ್ಡಿಯನ್ ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಫೀಸು ಕೇಳಿದರೆ, ಈ ಕಲಂ ದಾಟುವುದು ಹೇಗೆ ಅಂತ ಮೊದಲು ಕೇಳಿ.

ಫೀಸು ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಫೋನು ನಂಬರ್ 15100. ಹರಿಹರ, ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯವರು ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಇದು ನನಗೆ ಮೊದಲೇ ಗೊತ್ತಿದ್ದರೆ ಟೈಪಿಂಗ್ ಅಂಗಡಿಯ ಬಾಗಿಲು ಹತ್ತುತ್ತಲೇ ಇರಲಿಲ್ಲ.

ಹೊರಡುವ ದಿನ, ವಾಪಸ್ ಬರುವ ದಿನ

ಮಗು ಮಲಗಿದ್ದಾಗ ಕದ್ದು ಹೋಗಬೇಡಿ. ಅಳುತ್ತದೆ, ಅಳಲಿ. ನಾನು ಗೋಡೆಗೆ 8 ತಿಂಗಳ ಕ್ಯಾಲೆಂಡರ್ ಅಂಟಿಸಿ, ಊರಿಗೆ ಬರುವ ದಿನಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದೆ. ವಿಡಿಯೋ ಕಾಲ್ ದಿನಾ ರಾತ್ರಿ 8ಕ್ಕೆ, 10 ನಿಮಿಷ. ಹೊತ್ತು ತಪ್ಪಿಸದೆ ಮಾಡುವುದು ಉದ್ದ ಮಾತಾಡುವುದಕ್ಕಿಂತ ಮುಖ್ಯ ಅಂತ ನನ್ನ ಅನುಭವ.

ವಾಪಸ್ ಬಂದ ಮೇಲೆ ಶಾಲೆಗೆ "ಇನ್ನು ಮುಂದೆ ನಾನೇ" ಎಂದು ಒಂದು ಸಾಲಿನ ಪತ್ರ ಕೊಡಿ. ಹಳೆಯ ಅಧಿಕಾರ ಪತ್ರದ ಮೂಲ ಪ್ರತಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಿ. ಅವುಗಳ ಮೇಲೆ "ಅವಧಿ ಮುಗಿದಿದೆ" ಎಂದು ಬರೆದು ದಿನಾಂಕ ಹಾಕಿ ಫೈಲಿನಲ್ಲಿಡಿ, ಹರಿಯಬೇಡಿ. ಅವಧಿಗೆ ಮುಂಚೆ, ಜಗಳವಾಗಿ ಹಿಂಪಡೆಯುವುದಾದರೆ ಸಂಗಾತಿಗೆ, ಶಾಲೆಗೆ, ಡಾಕ್ಟರಿಗೆ ಮೂವರಿಗೂ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ, ಪೋಸ್ಟಾಫೀಸಿನ ರಸೀದಿ ಇಟ್ಟುಕೊಳ್ಳಿ. ಮಗುವನ್ನು ಕೊಡುವುದಿಲ್ಲ ಅಂದರೆ ಅದೇ ದಿನ 15100.

ಮನೆಯ ಕೆಲಸಗಳನ್ನೆಲ್ಲ ಬಂದ ದಿನವೇ ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ನಾನು ಬಂದು ತಿಂಗಳಾದರೂ ಮಗಳು ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಅಪ್ಪನ ಹತ್ತಿರವೇ ಹೋಗುತ್ತಿದ್ದಳು. ಬೈತಲೆ ಓರೆ, ಒಂದು ಜಡೆ ಮೇಲೆ, ಒಂದು ಕೆಳಗೆ. ಹಾಗೇ ಶಾಲೆಗೆ ಕಳಿಸಿದೆ.